ಕ್ಯಾಪಿನ ಮೇಲಿನ ಕುಂಕುಮ

ನನ್ನ ಹೆಂಡತಿಗೆ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಜಯನಗರದ ಆಸ್ಪತ್ರೆಯೊಂದರಲ್ಲಿ ಕರೆಂಟ್ ಕೊಡುತ್ತಿದ್ದ ದಿನಗಳವು. ರೇಡಿಯೇಷನ್ ಎಂದು ನಮ್ಮ ಬೀದಿಯಲ್ಲಿ ಯಾರೂ ಅನ್ನುವುದಿಲ್ಲ, ಕರೆಂಟ್ ಅಂತಲೇ ಅನ್ನುತ್ತಾರೆ. ನಾವೂ ಹಾಗೇ ರೂಢಿ ಮಾಡಿಕೊಂಡೆವು. ಬೆನ್ನುಮೂಳೆಯ ಪಕ್ಕದಲ್ಲಿ ಗಡ್ಡೆ. ಒಟ್ಟು ಇಪ್ಪತ್ತೈದು ಸಲ ಕೊಡಬೇಕು, ಭಾನುವಾರ ಬಿಟ್ಟರೆ ಒಂದು ದಿನವೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ನಾನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡೆನೆಂದರೆ, ಒಂದೇ ಒಂದು ದಿನ ತಪ್ಪಿದರೂ ಅವಳು ನನ್ನ ಕೈಬಿಟ್ಟು ಹೋಗುತ್ತಾಳೆ ಎಂದೇ ನಂಬಿದ್ದೆ.

ಮನೆ ಇರುವುದು ಚಿಕ್ಕಲಸಂದ್ರದಲ್ಲಿ. ಆಟೋ ಹತ್ತಿದರೆ ಒಂದೊಂದು ಹಂಪ್ ಬಂದಾಗಲೂ ಅವಳು ಹಲ್ಲು ಕಚ್ಚುತ್ತಿದ್ದಳು, ಆಮೇಲೆ ಹಲ್ಲು ಕಚ್ಚಿದರೂ ನೋವು ತಡೆಯಲಾಗುತ್ತಿರಲಿಲ್ಲ. ಮೊಬೈಲಿನಲ್ಲಿ ಬುಕ್ ಮಾಡಿದ ಕ್ಯಾಬುಗಳು ಆ ಹೊತ್ತಿನಲ್ಲಿ ಒಂದಾದ ಮೇಲೊಂದು ಕ್ಯಾನ್ಸಲ್ ಆಗುತ್ತಿದ್ದವು. ಉಳಿದದ್ದು ನಮ್ಮ ಹಳೆಯ ಕಾರು. ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಅದರ ಮೀಟರೇ ಓಡುವುದು ನಿಲ್ಲಿಸಿತ್ತು. ಆದರೆ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಒರಗುತ್ತಿತ್ತು. ಎರಡು ದಿಂಬು ಇಟ್ಟು, ಅವಳನ್ನು ಒರಗಿಸಿ, ಹಂಪ್ ಬಂದಾಗಲೆಲ್ಲ ಹಿಂದಿನವರ ಬೈಗುಳ ತಿನ್ನುತ್ತಾ ತೆವಳಿಕೊಂಡು ಹೋಗುತ್ತಿದ್ದೆ.

ದಸರಾ ಮುಗಿದ ವಾರದಿಂದ ಆ ಕಾರು ಕೈಕೊಡಲು ಶುರುಮಾಡಿತು. ಬೆಳಿಗ್ಗೆ ಕೀ ತಿರುಗಿಸಿದರೆ ಸುಮ್ಮನೆ ಕೊರಕೊರ ಎನ್ನುವುದು, ಹಿಡಿಯುವುದಿಲ್ಲ. ಹತ್ತಾರು ಸಲ ಪೀಡಿಸಿದ ಮೇಲೆ ಕೆಮ್ಮುತ್ತಾ ಏಳುವುದು, ದಾರಿಯುದ್ದಕ್ಕೂ ಎಗರಿ ಎಗರಿ ಓಡುವುದು. ಬಿಸಿಲು ಬಂದಮೇಲೆ ನೋಡಿದರೆ ಏನೂ ಅರಿಯದ ಹಾಗೆ ನಯವಾಗಿ ಓಡುತ್ತಿತ್ತು. ಅವಳನ್ನು ಮನೆಗೆ ಬಿಟ್ಟು, ಊಟವೂ ಮಾಡದೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ಕು ನನ್ನ ಮುಖ ನೋಡುತ್ತಿದ್ದ. "ಗಾಡಿ ಸಖತ್ತಾಗಿದೆಯಲ್ಲಾ ಸಾರ್, ಎಲ್ಲಿದೆ ಮಿಸ್ಸಿಂಗು?"

ಬನಶಂಕರಿಯ ಒಬ್ಬ ಪ್ಲಗ್ಗುಗಳನ್ನು ಬದಲಾಯಿಸಿದ. ಜೆ.ಪಿ. ನಗರದ ಇನ್ನೊಬ್ಬ ಪೆಟ್ರೋಲನ್ನು ದೂರಿ ಕಾರ್ಬುರೇಟರ್ ಬಿಚ್ಚಿ ತೊಳೆದ. ಮೂರನೆಯವನು ಕಾಯಿಲ್ ಹೋಗಿದೆ ಅಂತ ಹೊಸದು ಹಾಕಿದ. ಪ್ರತಿಯೊಬ್ಬನೂ ವೈರಿನ ತುದಿಯನ್ನು ಇಂಜಿನ್ನಿಗೆ ಹತ್ತಿರ ಹಿಡಿದು ಕಿಡಿ ಹಾರಿಸಿ ತೋರಿಸಿ, "ಕರೆಂಟ್ ಚೆನ್ನಾಗಿ ಬರ್ತಿದೆ ಸಾರ್, ಇನ್ನು ಯೋಚ್ನೆ ಬೇಡ" ಅನ್ನುತ್ತಿದ್ದ. ಆ ಪದ ಕೇಳಿದರೆ ಸಾಕು, ದುಡ್ಡು ಕೊಟ್ಟು ಅಲ್ಲಿಂದ ಹೊರಟುಬಿಡುತ್ತಿದ್ದೆ. ಮನೆಗೆ ಬಂದು ನಾನು "ಸರಿಹೋಯ್ತು ಕಣೆ" ಅನ್ನುವುದು, ಮರುದಿನ ಬೆಳಿಗ್ಗೆ ಅದು ಮತ್ತೆ ಕೊರಕೊರ ಅನ್ನುವುದು. ಮೂರನೆಯವನ ಗ್ಯಾರೇಜಿಗೆ ಮತ್ತೆ ಹೋಗಿ ನಡುರಸ್ತೆಯಲ್ಲಿ ಬಾಯಿಗೆ ಬಂದದ್ದೆಲ್ಲ ಬೈದುಬಂದೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ಮೇಷ್ಟ್ರು ನಾನು, ಅಂಥ ಮಾತು ನನ್ನ ಬಾಯಲ್ಲಿ ಇದೆ ಅಂತಲೇ ಗೊತ್ತಿರಲಿಲ್ಲ. ಒಂದು ದಿನ ಅವಳ ಮೇಲೂ ರೇಗಿದೆ. "ಇಷ್ಟೆಲ್ಲಾ ಒದ್ದಾಡ್ತಿರೋದು ಯಾರಿಗೋಸ್ಕರ?" ಅಂದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಹದಿನಾರನೆಯ ಸಲಕ್ಕೆ ಹೊರಟ ದಿನ ಹಿಂದಿನ ಸಂಜೆಯಿಂದ ಜಿಟಿಜಿಟಿ ಮಳೆ. ಹೇಗೋ ಎಬ್ಬಿಸಿಕೊಂಡು ಕತ್ರಿಗುಪ್ಪೆಯವರೆಗೆ ಬಂದೆ. ಸಿಗ್ನಲ್ಲಿನಲ್ಲಿ ಇಂಜಿನ್ ನಿಂತುಹೋಯಿತು. ಹಿಂದೆ ಬಸ್ಸು, ಸುತ್ತ ಸ್ಕೂಟರುಗಳು, ಎಲ್ಲರ ಹಾರ್ನೂ ನನ್ನ ತಲೆಯೊಳಗೇ ಬಡಿಯುತ್ತಿತ್ತು. ಕೀ ತಿರುಗಿಸಿದೆ, ತಿರುಗಿಸಿದೆ, ಕೊನೆಗೆ ಬ್ಯಾಟರಿಯೂ ಇಳಿದು ಟಕ್ ಟಕ್ ಎಂದಷ್ಟೇ ಸದ್ದು ಬಂತು. ಆಸ್ಪತ್ರೆಗೆ ಫೋನ್ ಮಾಡಿದರೆ, "ಇವತ್ತು ಆಗದಿದ್ರೆ ನಾಳೆ ಬನ್ನಿ ಸಾರ್, ಕೊನೇಲಿ ಒಂದು ದಿನ ಸೇರಿಸ್ತೀವಿ" ಎಂದರು. ಅಷ್ಟು ಸಲೀಸಾಗಿ ಹೇಳಿದ್ದು ನನಗೆ ನಂಬಿಕೆಯಾಗಲಿಲ್ಲ, ಸಮಾಧಾನಕ್ಕೆ ಹೇಳಿದರು ಅನ್ನಿಸಿತು. ಬಾನೆಟ್ಟಿನ ಮೇಲೆ ಕೈಯೂರಿ, ಎಲ್ಲರೂ ನೋಡುತ್ತಿರುವಾಗಲೇ ಅತ್ತುಬಿಟ್ಟೆ.

ಅವಳು ಕಿಟಕಿಯಿಂದ ಕರೆದು, "ರೀ, ನಾನು ಹ್ಯಾಗೋ ಆಟೋದಲ್ಲಿ ಮನೆಗೆ ಹೋಗ್ತೀನಿ. ನೀವು ಇದನ್ನ ನೋಡ್ಕೊಳ್ಳಿ" ಎಂದಳು. ಆಸ್ಪತ್ರೆಯವರೆಗೆ ಆಟೋದಲ್ಲಿ ಹೋಗುವುದು ಅವಳಿಂದಾಗದು, ಮನೆಯಾದರೆ ಹತ್ತಿರ. ಆಟೋದವನಿಗೆ ನಿಧಾನ ಹೋಗಪ್ಪಾ ಎಂದು ನಾಲ್ಕು ಸಲ ಹೇಳಿ ಕಳಿಸಿದೆ.

ದಾರಿಹೋಕರು ಕಾರನ್ನು ಪಕ್ಕದ ಗಲ್ಲಿಯ ಶೆಡ್ಡೊಂದಕ್ಕೆ ತಳ್ಳಿಕೊಟ್ಟರು. ಶೆಡ್ಡಿನ ಯಜಮಾನರು ಪಂಚೆ, ಬನಿಯನ್ನು ತೊಟ್ಟ ಹಿರಿಯರು, ಕತ್ರಿಗುಪ್ಪೆ ಹಳ್ಳಿಯಾಗಿದ್ದಾಗಿನಿಂದ ಅಲ್ಲಿನವರು. ಅಪ್ಪನ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಸಾಲು ಅಂಗಡಿ, ಎಲ್ಲಾ ಬಾಡಿಗೆಗೆ. ಈ ಶೆಡ್ಡು ಮಾತ್ರ ತಮಗೆ, ಹಳೇ ಗಾಡಿ ಬಿಚ್ಚಿ ಜೋಡಿಸುವ ಹುಚ್ಚಿಗೆ. ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡರು.

"ಬೆಳಿಗ್ಗೆ ತ್ಯಾವ ಇದ್ದಾಗ ಮಾತ್ರ ಹಿಂಗಾಯ್ತದಾ?"

"ಹೌದು."

"ಹಂಗಾರೆ ಬಿಸ್ಲಲ್ಲಿ ಗಾಡಿ ನೋಡುದ್ರೆ ಏನ್ ಸಿಕ್ತದೆ ಮೇಷ್ಟ್ರೇ? ತ್ಯಾವ ಮಾಡಿ, ಕತ್ಲೆ ಮಾಡಿ ನೋಡ್ಬೇಕು."

ತಮ್ಮ ಟೆಂಪೋದ ಬ್ಯಾಟರಿಗೆ ವೈರ್ ಜೋಡಿಸಿ ಹೇಗೋ ಇಂಜಿನ್ ಎಬ್ಬಿಸಿದರು. ಇಸ್ತ್ರಿ ಮಾಡುವವರು ನೀರು ಚಿಮುಕಿಸುವಂಥ ಬಾಟಲಿ ಕೈಗೆ ತೆಗೆದುಕೊಂಡರು. ಆಮೇಲೆ ತೆರೆದ ಬಾನೆಟ್ಟಿನ ಮೇಲೆ ಒಂದು ಟಾರ್ಪಾಲು ಹೊದಿಸಿ, "ಬನ್ನಿ ಒಳಕ್ಕೆ" ಎಂದರು. ಹಗಲು ಹತ್ತು ಗಂಟೆಯಲ್ಲಿ ನಾವಿಬ್ಬರೂ ಮುದುಕರು ಕಂಬಳಿಯೊಳಗೆ ಕಣ್ಣಾಮುಚ್ಚಾಲೆ ಆಡುವವರ ಹಾಗೆ ತಲೆ ತೂರಿಸಿ ನಿಂತೆವು. ಪೆಟ್ರೋಲಿನ ವಾಸನೆ, ಬಿಸಿ ಗಾಳಿ.

ಇಂಜಿನ್ನಿನ ಪಕ್ಕದಲ್ಲಿ ಕಪ್ಪು ಕ್ಯಾಪ್ ಹಾಕಿದ ಡಬ್ಬಿಯೊಂದು ಇರುತ್ತದೆ, ಡಿಸ್ಟ್ರಿಬ್ಯೂಟರ್. ಕಾಯಿಲಿನಿಂದ ಬಂದ ಕರೆಂಟನ್ನು ಸರದಿಯ ಪ್ರಕಾರ ಒಂದೊಂದು ಪ್ಲಗ್ಗಿಗೂ ಹಂಚುವುದು ಅದರ ಕೆಲಸ. ಅವರು ಅದರ ಮೇಲೆ ಎರಡು ಸಲ ನೀರು ಚಿಮುಕಿಸಿದರು. ತಕ್ಷಣ ಇಂಜಿನ್ ಎಗರತೊಡಗಿತು. ಕತ್ತಲೆಯಲ್ಲಿ ಕ್ಯಾಪಿನ ಮೇಲೆ ದಾರದಂಥ ನೀಲಿ ಕಿಡಿ ಹರಿದಾಡಿತು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಮೇಲಿನಿಂದ ಕೆಳಗಿನ ಕಬ್ಬಿಣದ ಕ್ಲಿಪ್ಪಿಗೆ, ಒಂದೇ ದಾರಿ ಹಿಡಿದು ಸೋರಿಹೋಗುತ್ತಿತ್ತು.

ಅವರು ಇಂಜಿನ್ ನಿಲ್ಲಿಸಿ ಟಾರ್ಪಾಲು ಸರಿಸಿದರು. ಕಿಡಿ ಹರಿದ ದಾರಿ ಕೆಂಪಗಿತ್ತು.

"ಇಷ್ಟೊಂದು ಕುಂಕುಮ ಯಾರ್ ಬಳಿದದ್ದು ಇಲ್ಲಿ?"

ನಾನೇ. ಪ್ರತಿ ವರ್ಷ ಆಯುಧಪೂಜೆಗೆ ಕಾರು ತೊಳೆದು ಕುಂಕುಮ ಇಡುತ್ತಿದ್ದವಳು ನನ್ನ ಹೆಂಡತಿ. ಸ್ಟೀರಿಂಗಿಗೆ ಒಂದು, ಬಾನೆಟ್ಟಿಗೆ ಒಂದು, ಅಷ್ಟೇ. ನಾನು ಪಕ್ಕದಲ್ಲಿ ಪೇಪರ್ ಓದುತ್ತಾ ಗೇಲಿ ಮಾಡುತ್ತಿದ್ದೆ. ದೇವರು ಎನ್ನುವುದನ್ನು ನಾನು ಕಾಲೇಜು ದಿನಗಳಲ್ಲೇ ಬಿಟ್ಟವನು. ಈ ಸಲ ಅವಳಿಗೆ ಏಳಲು ಆಗಲಿಲ್ಲ. ಚಿಕಿತ್ಸೆ ಶುರುವಾಗಲು ಎರಡು ದಿನವಿತ್ತು. ಬೆಳಿಗ್ಗೆ ಒಬ್ಬನೇ ಕೆಳಗಿಳಿದು, ಬಾನೆಟ್ಟು ಎತ್ತಿ, ಕುಂಕುಮವನ್ನು ನೀರಿನಲ್ಲಿ ಕಲಸಿ ಕೈಗೆ ಸಿಕ್ಕ ಕಡೆಗೆಲ್ಲ ಬಳಿದೆ. ಎಲ್ಲಿ ಹಚ್ಚಬೇಕು, ಎಷ್ಟು ಹಚ್ಚಬೇಕು, ನನಗೇನು ಗೊತ್ತು? ಮಂತ್ರವೂ ಬರದು. ಅವಳನ್ನು ಉಳಿಸು, ಅವಳನ್ನು ಉಳಿಸು ಎಂದುಕೊಳ್ಳುತ್ತಾ ಬಳಿಯುತ್ತಲೇ ಹೋದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಅಂದು ಆ ಹಿರಿಯರಿಗೆ ಹೇಳಿದೆ.

ಮೂರು ಜನ ಮೆಕ್ಯಾನಿಕ್ಕುಗಳೂ ಇದನ್ನು ಕಂಡಿದ್ದರು. ಒಬ್ಬನಂತೂ ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದ. ಪೂಜೆಯ ಕುಂಕುಮ, ಒರೆಸುವುದು ಹೇಗೆ ಎಂದು ಪ್ರತಿಯೊಬ್ಬನೂ ಅದೊಂದನ್ನು ಬಿಟ್ಟು ಸುತ್ತಲಿನದೆಲ್ಲ ಬಿಚ್ಚಿ ನೋಡಿದ್ದ.

ಹಿರಿಯರೂ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ, ಕ್ಯಾಪಿಗೆ ತಾಗಿಸದೆ ಹಿಡಿದುಕೊಂಡರು. "ಒರೆಸ್ಬೇಕು ಮೇಷ್ಟ್ರೇ. ಅಡೀಲಿ ಸೀಳು ಬಿಟ್ಟಿರೋ ಹಂಗೈತೆ, ನೋಡ್ಬೇಕಲ್ಲ. ನೀವು ಹೂಂ ಅಂದ್ರೆ ಮಾತ್ರ."

ನನಗೆ ಹೂಂ ಅನ್ನಲು ಬಾಯಿ ಬರಲಿಲ್ಲ. ನಂಬದವನು ನಾನು, ಒರೆಸಿದರೆ ಏನಾಗುತ್ತದೆ ಎಂದು ಕೇಳಿದರೆ ಏನೂ ಆಗುವುದಿಲ್ಲ ಅನ್ನುವವನು. ಆದರೆ ಅವಳಿಗಾಗಿ ನಾನು ಬೇಡಿಕೊಂಡದ್ದು ಜನ್ಮದಲ್ಲಿ ಅದೊಂದೇ ಸಲ, ಆ ಬೇಡಿಕೆ ಇದ್ದದ್ದು ಆ ಕ್ಯಾಪಿನ ಮೇಲೆ. ಒರೆಸಿದರೆ ಅವಳು ಸಾಯುತ್ತಾಳೆ, ಒರೆಸದಿದ್ದರೆ ಕಾರು ಏಳುವುದಿಲ್ಲ, ಆಗಲೂ ಸಾಯುತ್ತಾಳೆ. ಕೊನೆಗೆ ಪೆಟ್ರೋಲಿನಲ್ಲಿ ಅದ್ದಿದ ಆ ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಒರೆಸಿದೆ.

ಕೆಳಗೆ ಕೂದಲಿನಷ್ಟು ಸಣ್ಣ ಸೀಳು ಇತ್ತು, ಅದರೊಳಗೂ ಕುಂಕುಮ ಇಳಿದಿತ್ತು. ತ್ಯಾವ ಹೀರಿಕೊಂಡ ಕುಂಕುಮ ಕರೆಂಟಿಗೆ ಕಾಲುದಾರಿ ಮಾಡಿಕೊಟ್ಟಿದೆ ಎಂದು ಅವರು ತಿಳಿಸಿದರು. ತಗಡಿನ ಡಬ್ಬಿ ಹುಡುಕಿ ಬೇರೆ ಕ್ಯಾಪ್ ತೆಗೆದು ಹಾಕಿದರು. ಮತ್ತೆ ಇಂಜಿನ್ ಎಬ್ಬಿಸಿ, ಬಾಟಲಿಯ ನೀರನ್ನೆಲ್ಲ ಅದರ ಮೇಲೆ ಖಾಲಿ ಮಾಡಿದರು. ಒಂದು ಸಲವೂ ಎಗರಲಿಲ್ಲ.

"ಇನ್ ನೀವು ಕೆರೆಗಿಳಿಸುದ್ರೂ ಹಿಡೀತದೆ. ಮುಂದಿನ್ ವರ್ಷ ಸ್ಟೀರಿಂಗಿಗೆ ಇಡಿ ಸಾಕು."

ಮನೆಗೆ ಹೋಗಿ ಎಂದಿನ ಹಾಗೆ "ಸರಿಹೋಯ್ತು ಕಣೆ" ಎಂದೆ. ಕುಂಕುಮದ ಸುದ್ದಿ ಎತ್ತಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಒಂದು ಮಾತು ಹೇಳ್ಲಾ? ಬೈಬಾರ್ದು."

"ಹೇಳು."

"ದಿನಾ ನೀವು ಕೀ ತಿರುಗಿಸುವಾಗ, ಇವತ್ತು ಹಿಡೀದೇ ಇರ್ಲಪ್ಪಾ ಅಂತ ಬೇಡ್ಕೊತೀನಿ ರೀ. ನನ್ ಕೈಲಿ ಆಗ್ತಿಲ್ಲ. ಗಂಟ್ಲು ಸುಡುತ್ತೆ, ಬೆನ್ನು ಸುಡುತ್ತೆ. ನಿಮ್ ಮುಖ ನೋಡಿ ಸುಮ್ನೆ ಕೂತ್ಕೋತೀನಿ."

ಅದುವರೆಗೆ ನನಗಿದ್ದ ಹತಾಶೆ ಹತಾಶೆಯೇ ಅಲ್ಲ ಎಂದು ಆಗ ತಿಳಿಯಿತು. ಒಂದೇ ಕಾರಿನಲ್ಲಿ ಪಕ್ಕಪಕ್ಕದಲ್ಲಿ ಕೂತು ನಾನು ಹಿಡಿಯಲಿ ಎಂದು, ಅವಳು ಹಿಡಿಯದಿರಲಿ ಎಂದು ಬೇಡುತ್ತಿದ್ದೆವು. ಅವಳ ಕಾಲು ಒತ್ತುತ್ತಾ ಕೂತೆ.

ಮರುದಿನವೂ ಅದೇ ಜಿಟಿಜಿಟಿ. ಅವಳು ಸ್ವೆಟರ್ ಹಾಕಿಕೊಂಡು, ಗೋಡೆ ಹಿಡಿದು ಇಳಿದು ಬಂದು ಸೀಟಿಗೆ ಒರಗಿದಳು. ನಾನು ಕೀ ಹಾಕಿದೆ. ಅವಳು ನನ್ನ ಕೈ ಹಿಡಿದಳು.

"ಹಿಡಿದ್ರೆ ಹೋಗೋಣ. ಎಷ್ಟು ದಿನ ಉಳಿದಿದ್ಯೋ ಅಷ್ಟೂ ದಿನ ಬರ್ತೀನಿ, ಗೊಣಗಲ್ಲ. ಹಿಡೀಲಿಲ್ಲಾಂದ್ರೆ ದೇವರಿಗೇ ಬೇಡ ಅಂತ ಅರ್ಥ, ಇನ್ನು ನನ್ನ ಕರೀಬೇಡಿ. ಆಯ್ತಾ?"

ಎರಡು ವಾರಕ್ಕೂ ಮೇಲಿನಿಂದ ಅವಳು ನೋಡಿದ್ದು ಬೆಳಿಗ್ಗೆ ಹಿಡಿಯದ ಕಾರನ್ನು. ನನ್ನ "ಸರಿಹೋಯ್ತು" ಎಂಬ ಮಾತಿಗೆ ಅವಳ ಹತ್ತಿರ ಯಾವ ಬೆಲೆಯೂ ಉಳಿದಿರಲಿಲ್ಲ. ಅವಳು ನಿಜವಾಗಿಯೂ ದೇವರಿಗೆ ಬಿಟ್ಟಿದ್ದಳು. ಒಂದು ಬಾಟಲಿ ನೀರು ಸುರಿದರೂ ಎಗರದ ಇಂಜಿನ್ನನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನು ಅವಳಿಗೆ ಹೇಳಬಹುದಿತ್ತು. ಹೇಳಬೇಕಾಗಿತ್ತು.

"ಆಯ್ತು" ಎಂದೆ. ಕೀ ಅರ್ಧ ತಿರುಗುವುದರೊಳಗೆ ಇಂಜಿನ್ ಹಿಡಿಯಿತು.

ಅವಳು ನನ್ನ ಕೈ ಬಿಟ್ಟಳು. ಆಮೇಲೆ ಬೆಲ್ಟು ಎಳೆದು ಹಾಕಿಕೊಂಡು, "ನಡೀರಿ" ಎಂದಳು. ಉಳಿದ ಹತ್ತು ದಿನವೂ ಬಂದಳು, ಗೊಣಗಲಿಲ್ಲ. ಈಗ ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಳೆ. ಆ ಬೆಳಿಗ್ಗೆ ದೇವರೇ ಹೂಂ ಅಂದ ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಅಲ್ಲ, ನಿನಗೆ ಮೋಸ ಮಾಡಿದವನು ನಾನು ಎಂದು ಹೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.