ಹಾಸಿನ ಬಿಗಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಾಕೆಯನ್ನು ಎಲ್ಲರೂ ಲ್ಯಾಬಮ್ಮ ಎನ್ನುತ್ತಿದ್ದರು. ನೇಕಾರರ ಮನೆಯವಳು. ರಕ್ತ ಸವರಿದ ಗಾಜನ್ನು ಸೂಕ್ಷ್ಮದರ್ಶಕಕ್ಕೆ ಇಡುವ ಮೊದಲು, ಸೀರೆಯ ನೇಯ್ಗೆ ನೋಡುವಂತೆ ಬೆಳಕಿಗೆ ಹಿಡಿಯುತ್ತಿದ್ದಳು. ಯಾರು ಏನು ಕೇಳಿದರೂ ಒಂದೇ ಮಾತು: “ಹದವಾಗಿರ್ಬೇಕು ಕಣ್ರೀ.”

ನನ್ನ ಹೆಂಡತಿಗೆ ಡೆಂಗಿ ಬಂದಾಗ, ರೋಗನಿರೋಧಕ ಶಕ್ತಿ ಹೆಚ್ಚಲೆಂದು ಗಡಿಯಾರ ನೋಡಿ ದಿನಕ್ಕೆ ಮೂರು ಸಲ ಕಷಾಯ ಕುಡಿಸಿದೆ. ಐದನೆಯ ದಿನ ಜ್ವರ ಬಿಟ್ಟಿತು. ಲ್ಯಾಬಮ್ಮನ ಬಳಿ ರಕ್ತ ಪರೀಕ್ಷೆ ಮಾಡಿಸಿದರೆ, ಸೋಂಕಿನೊಡನೆ ಹೋರಾಡುವ ಬಿಳಿ ಕಣಗಳೂ ಏರಿದ್ದವು.

“ಗೆದ್ದೆವಲ್ಲಮ್ಮ!” ಎಂದೆ.

ಲ್ಯಾಬಮ್ಮ ನಗಲಿಲ್ಲ. “ಮಗ್ಗದಲ್ಲಿ ಹಾಸು, ಆ ಉದ್ದದ ಎಳೆಗಳು, ಸಡಿಲಾದ್ರೆ ಬಟ್ಟೆ ಬರಲ್ಲ, ಬಿಗಿ ಜಾಸ್ತಿಯಾದ್ರೆ ಎಳೆನೇ ಹರಿಯುತ್ತೆ ಮೇಷ್ಟ್ರೇ. ವೈರಸ್ ಹೋಗ್ತಿದೆ, ಈ ಕಣಗಳ ರೋಷ ಇಳಿದಿಲ್ಲ. ಅದಕ್ಕೇ ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿ ಆಗ್ತಿದೆ. ಮನೆಗಲ್ಲ, ಆಸ್ಪತ್ರೆಗೆ ನಡೀರಿ,” ಎಂದು ತಾನೇ ಆಟೋ ಕೂಗಿದಳು.

ಸಂಜೆ ಹೆಂಡತಿಯ ರಕ್ತದೊತ್ತಡ ಕುಸಿದಾಗ ಡಾಕ್ಟರು ಪಕ್ಕದಲ್ಲೇ ಇದ್ದರು. ಉಳಿದಳು.

ಎರಡು ವಾರದ ನಂತರ ಲ್ಯಾಬಮ್ಮ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. “ನೋಡಿ, ಈಗ ಹದವಾಗಿದೆ.”

ಕಂಡದ್ದು ನೇರಳೆ ಚುಕ್ಕಿಗಳು ಮಾತ್ರ. “ಹೌದಮ್ಮ, ಹೌದು,” ಎಂದೆ.

“ಇವ್ರಿಗೇನೂ ಕಂಡಿಲ್ಲ ಕಣಮ್ಮ,” ಎಂದಳು ಹೆಂಡತಿ, ಬೆನ್ನ ಹಿಂದಿನಿಂದ. “ಸುಮ್ನೆ ತಲೆ ಆಡಿಸ್ತಾರೆ.”