ಓಬಯ್ಯನ ಮೂಗು

ಡಬ್ಬಿಯೊಳಗೆ ಗುಲಾಬಿ ಬಣ್ಣ ತುಂಬಿ ಮೇಲೆ ‘ಮೈಬಣ್ಣ’ ಎಂದು ಅಚ್ಚು ಹಾಕುವುದು ಅನ್ಯಾಯ, ಗೆಳೆಯರೇ. ಯಾರ ಮೈಬಣ್ಣ ಅದು?

ಚಳ್ಳಕೆರೆಯ ನಿವೃತ್ತ ಹವಾಲ್ದಾರರೊಬ್ಬರ ಮನೆಯಲ್ಲಿ ಬೆರಳುದ್ದದ ಸೈನಿಕರ ಗೊಂಬೆಗಳಿಗೆ ಬಣ್ಣ ಹಾಕಲು ಕಲಿಯುತ್ತಿದ್ದೇನೆ. ಇವತ್ತು ಅವರು ಚಹಾ ತರಲು ಒಳಗೆ ಹೋದಾಗ, ಗುಲಾಬಿ ಮುಖದ ಒಂದು ಗೊಂಬೆಗೆ ಸಿಟ್ಟಿನಿಂದ ಕಡುಕಂದು ಬಳಿದುಬಿಟ್ಟೆ. ಕಣ್ಣು, ಮೂಗು ಎಲ್ಲ ಮುಚ್ಚಿಹೋದವು.

ಹವಾಲ್ದಾರರು ನೋಡಿ ಲೋಟ ಕೆಳಗಿಟ್ಟರು. “ಅವ್ನು ನಮ್ಮ ದೇವಸಮುದ್ರದ ಓಬಯ್ಯ ಕಣಲೇ. ಗಡಿಯಿಂದ ವಾಪಸ್ ಬರ್ಲಿಲ್ಲ. ಆ ಮೂಗು ಕೆತ್ತಾಕೇ ನಂಗೆ ಒಂದು ತಿಂಗಳು ಹಿಡೀತು.”

ಆದರೂ ಕೇಳಿದೆ: “ಅವ್ರು ಬೆಳ್ಳಗಿದ್ರೇನ್ರಿ?”

“ನಿನ್ನಂಗೇ ಕರ್ರಗಿದ್ದ. ಗುಲಾಬಿ ಬರೀ ತಳಕ್ಕೆ ಹಚ್ಚೋ ಬಣ್ಣ. ಅದ್ರ ಮೇಲೆ ಕಂದು ಬಣ್ಣ ನೀರು ಮಾಡಿ ನಾಕು ಸಲ ಹಚ್ಬೇಕು. ನೀನು ಕುರಿಗೆ ಗುರುತು ಹಾಕ್ದಂಗೆ ಬಳ್ದೀಯ.”

ಕುರಿ ಸಾಕುವ ನಮ್ಮ ಮನೆಯಲ್ಲಿ ನಾನು ಕಲಿತದ್ದು ಅದೊಂದೇ. ಅಷ್ಟು ದಪ್ಪಗೆ ಬಳಿದದ್ದಕ್ಕೇ ಬಣ್ಣ ಇನ್ನೂ ಆರಿರಲಿಲ್ಲ. ಅವರು ಒದ್ದೆ ಕುಂಚದಿಂದ ಮೆಲ್ಲಗೆ ಒರೆಸಿದಾಗ ಓಬಯ್ಯನ ಮೂಗು ಮತ್ತೆ ಕಾಣಿಸಿತು.

ಆ ‘ಮೈಬಣ್ಣ’ದ ಡಬ್ಬಿಯ ವಿರುದ್ಧ ಒಂದು ಕರಪತ್ರ ಬರೆದೇ ಬರೆಯುತ್ತೇನೆ, ಬಣ್ಣಕ್ಕೆ ನೀರು ಬೆರೆಸುವುದನ್ನು ಕಲಿತ ಮೇಲೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹವಾಲ್ದಾರರ ಮನೆಗೆ ಬನ್ನಿ, ಓಬಯ್ಯನಿಗೆ ಅವನ ಬಣ್ಣ ಹಚ್ಚೋಣ.