ಹೆಚ್ಚುವರಿ ರಕ್ತದ ಸಮಾಚಾರ

ನನ್ನಲ್ಲಿ ಏನಾದರೂ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂದು ಈವರೆಗೆ ಯಾರೂ ಹೇಳಿರಲಿಲ್ಲ. ತಲೆಗೂದಲು, ಎತ್ತರ, ಪಿಂಚಣಿ ಎಲ್ಲವೂ ಒಂದಿಷ್ಟು ಕಡಿಮೆಯೇ. ಆದ್ದರಿಂದ, ಸಕ್ಕರೆ ನೋಡಿಸಲೆಂದು ಕೊಟ್ಟ ರಕ್ತದಲ್ಲಿ ಕೆಂಪು ಕಣಗಳು ಮಿತಿ ಮೀರಿವೆ ಎಂದು ಶ್ರೀರಂಗಪಟ್ಟಣದ ನಮ್ಮ ಡಾಕ್ಟರು ಹೇಳಿದಾಗ ಬಡ್ತಿ ಸಿಕ್ಕಿದಷ್ಟು ಹಿಗ್ಗಾಯಿತು. ಪಾಂಡವಪುರದಲ್ಲಿ ಲೆಕ್ಕದ ಮೇಷ್ಟರಾಗಿ ನಿವೃತ್ತನಾದವನು ನಾನು. ಹೆಚ್ಚು ಬಂದರೆ ಒಳ್ಳೆಯದು ಎಂದೇ ಅಭ್ಯಾಸ.

ಡಾಕ್ಟರು ಹಿಗ್ಗಲಿಲ್ಲ. ಇನ್ನೊಮ್ಮೆ ನೋಡೋಣ, ಆಗಲೂ ಹೀಗೇ ಇದ್ದರೆ ಮೈಸೂರಿಗೆ ಹೋಗಿ ಮೂಳೆಯೊಳಗಿನ ಮಜ್ಜೆಯನ್ನು ಪರೀಕ್ಷಿಸಬೇಕಾದೀತು ಎಂದರು. ಆ ಮಾತಿಗೆ ನನ್ನ ಹೆಂಡತಿ ಶಾರದೆ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ನಮಗೆ ಹಾಲು ತರುವ ಪಾಲಹಳ್ಳಿಯ ಸಿದ್ದೇಗೌಡರು ಮಾತ್ರ ಇದನ್ನು ಕಾಯಿಲೆಯೆಂದು ಒಪ್ಪಲಿಲ್ಲ. “ಅಲ್ಲ ಮೇಷ್ಟ್ರೇ, ನಮ್ ಮನೇವ್ಳಿಗೆ ರಕ್ತ ಸಾಲ್ದು ಅಂತ ಬಾಟ್ಲು ಆಕುಸ್ಕೊಂಡು ಕರ್ಕೊಂಡ್ಬಂದಿವ್ನಿ. ನಿಮಗೆ ನೋಡುದ್ರೆ ಎಚ್ಚಾಗದೆ ಅಂತೀರಿ. ಇಬ್ರಿಗೂ ಒಂದು ಪೈಪು ಆಕ್ಬುಟ್ರೆ ಆಗೋಯ್ತದೆ ಬುಡಿ.” ನಾಲೆಯ ನೀರು ಹಾಯಿಸುವ ಸೀಮೆಯ ವೈದ್ಯಶಾಸ್ತ್ರವೇ ಹಾಗೆ, ತೂಬು ಎತ್ತಿದರೆ ಎಲ್ಲವೂ ಸರಿಹೋಗುತ್ತದೆ.

ಎರಡನೆಯ ಪರೀಕ್ಷೆಯಲ್ಲಿ ಕಣಗಳು ಇನ್ನಷ್ಟು ಏರಿದ್ದವು. ಡಾಕ್ಟರು ಕಾರಣದ ವಿಚಾರಣೆ ಆರಂಭಿಸಿದರು. ರಕ್ತ ನನ್ನದಾದರೂ ಸಾಕ್ಷಿ ನುಡಿದವಳು ಶಾರದೆ.

“ಬೀಡಿ, ಸಿಗರೇಟು?”

“ನಶ್ಯ ಇತ್ತು. ಬಿಡಿಸಿದೆ.”

“ಗೊರಕೆ?”

“ಇಲ್ಲ. ನಿದ್ದೇಲೂ ಪಾಠ ಮಾಡ್ತಾರೆ, ಅಷ್ಟೇ.”

ಎತ್ತರದ ಬೆಟ್ಟಗಳಲ್ಲಿ ವಾಸಿಸುವವರಿಗೂ ಹೀಗಾಗುತ್ತದಂತೆ. ನಾನು ಏರಿರುವ ಅತ್ಯುನ್ನತ ಶಿಖರ ಕರಿಘಟ್ಟ, ಅದೂ ಆಟೋದಲ್ಲಿ ಎಂದು ವಿನಯದಿಂದ ತಿಳಿಸಿದೆ. ಡಾಕ್ಟರು ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆಯತೊಡಗಿದರು. ಬರೆಯುತ್ತಲೇ, “ಎರಡು ಸಲಾನೂ ಖಾಲಿ ಹೊಟ್ಟೇಲೇ ಕೊಟ್ರಾ?” ಎಂದು ಕೇಳಿದರು.

ನನ್ನ ಶಿಸ್ತನ್ನು ಹೇಳಿಕೊಳ್ಳಲು ಕೊನೆಗೂ ಅವಕಾಶ ಸಿಕ್ಕಿತು. ನಮ್ಮದು ದೇವಸ್ಥಾನದ ಮನೆತನ. ಏಕಾದಶಿಯೆಂದರೆ ಹನಿ ನೀರೂ ಮುಟ್ಟದ ಉಪವಾಸ. ಮರುದಿನ ಬೆಳಿಗ್ಗೆ ದ್ವಾದಶಿಯ ಪಾರಣೆ. ರಕ್ತಕ್ಕೆಂದು ಬೇರೆಯಾಗಿ ಹಸಿದಿರುವುದೇಕೆ ಎಂದು ಎರಡು ಸಲವೂ ದ್ವಾದಶಿಯ ಬೆಳಿಗ್ಗೆಯೇ ಹೋಗಿ ರಕ್ತ ಕೊಟ್ಟು, ಆಮೇಲೆ ಮನೆಗೆ ಬಂದು ಪಾರಣೆ ಮಾಡಿದ್ದೆ. ಎರಡನೆಯ ಸಲವಂತೂ ಭಯದಿಂದ ದಶಮಿಯ ಸಂಜೆಯೇ ನೀರು ಬಿಟ್ಟಿದ್ದೆ.

ಡಾಕ್ಟರು ಪೆನ್ನು ಕೆಳಗಿಟ್ಟು ಶಾರದೆಯ ಕಡೆ ತಿರುಗಿದರು. “ಸಾರು ಒಲೆ ಮೇಲೇ ಬಿಟ್ರೆ ಏನಾಗುತ್ತಮ್ಮ?”

“ಇಂಗುತ್ತೆ.”

“ಆಗ ಬೇಳೆ ಜಾಸ್ತಿ ಆಯ್ತು ಅಂತೀರಾ?”

ಶಾರದೆ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸುವ ಸಾಮರ್ಥ್ಯ ಲೆಕ್ಕದ ಮೇಷ್ಟರಿಗೆ ಇರುವುದಿಲ್ಲ.

ನಮ್ಮ ಹಿಂದಿನವರು ದೇಹದ ಸಪ್ತಧಾತುಗಳನ್ನು ಎಣಿಸುವಾಗ ರಸವನ್ನು ಮೊದಲಿಟ್ಟು, ರಕ್ತಕ್ಕೆ ಎರಡನೆಯ ಸ್ಥಾನ ಕೊಟ್ಟಿದ್ದಾರೆ. ಆ ಕ್ರಮ ನನಗೆ ಬಾಯಿಪಾಠ. ಆದರೂ ಸುತ್ತಲೂ ಕಾವೇರಿ ಹರಿಯುವ ಊರಿನಲ್ಲಿ ಕುಳಿತು ಒಳಗಿನ ರಸವನ್ನೇ ಒಣಗಿಸಿಕೊಂಡಿದ್ದೆ. ಡಾಕ್ಟರು ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಒಂದು ವಾರ ಚೆನ್ನಾಗಿ ನೀರು ಕುಡಿದು, ಪಂಚಾಂಗ ನೋಡದೆ ಬನ್ನಿ ಎಂದರು. ವಾರವೆಲ್ಲ ಶಾರದೆ ತಂಬಿಗೆ ಹಿಡಿದು ನನ್ನ ಹಿಂದೆಯೇ ಓಡಾಡಿದಳು. ಮೂರನೆಯ ಪರೀಕ್ಷೆಯಲ್ಲಿ ಕಣಗಳು ಮಿತಿಯೊಳಕ್ಕೆ ಇಳಿದಿದ್ದವು. ಮೈಸೂರಿನ ಚೀಟಿಯನ್ನು ಡಾಕ್ಟರು ಹರಿದು ಬುಟ್ಟಿಗೆ ಹಾಕಿದರು.

ಶಾರದೆ ಕಣ್ಣೊರೆಸಿಕೊಂಡು, “ನನ್ನ ಹರಕೆ ಫಲಿಸ್ತು” ಎಂದಳು. ಯಾವ ಹರಕೆಯೆಂದು ಡಾಕ್ಟರು ವಿಚಾರಿಸಿದರು. ನನ್ನ ರಕ್ತ ಸರಿಹೋಗುವವರೆಗೆ ಹಗಲು ಹೊತ್ತು ತಾನು ನೀರು ಮುಟ್ಟುವುದಿಲ್ಲವೆಂದು ದೇವರಿಗೆ ಹೇಳಿಕೊಂಡಿದ್ದಳಂತೆ.

ಡಾಕ್ಟರು ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಲೋಟಕ್ಕೆ ಬಗ್ಗಿಸಿ ಅವಳ ಕೈಗಿಟ್ಟೆ. ಅರ್ಧ ಕುಡಿದವಳು ನಿಲ್ಲಿಸಿ, “ನೀವು ಬೆಳಿಗ್ಗೆಯಿಂದ ಎಷ್ಟು ಕುಡಿದ್ರಿ?” ಎಂದು ಕೇಳಿದಳು.

ಅಗತ್ಯಕ್ಕಿಂತ ಹೆಚ್ಚಾದ ಈ ಕಾಳಜಿಯ ಕಾರಣವನ್ನು ಹುಡುಕಲು ಡಾಕ್ಟರೂ ಹೋಗಲಿಲ್ಲ.